ದೀಪದಕ್ಕನ ಕತ್ತಲೆ ಕಾನೂನು

ಗಣಿಯ ಬಾಯಿಗೆ ಬೆನ್ನು ಹಚ್ಚಿಕೊಂಡು ನಿಂತ ಉದ್ದನೆಯ ಕೋಣೆಗೆ ಲ್ಯಾಂಪ್ ರೂಮ್ ಎಂದು ಹೆಸರು. ಒಂದು ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ಗೂಡುಗೂಡಿನಲ್ಲೂ ಚಾರ್ಜಿಗೆ ಹಾಕಿದ ಹೆಲ್ಮೆಟ್ ದೀಪ. ಎದುರು ಗೋಡೆಯಲ್ಲಿ ಸಾಲಾಗಿ ಮೊಳೆ ಹೊಡೆದ ಹಲಗೆ. ಕೆಳಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕಿಂಡಿಯೊಳಗೆ ತಳ್ಳಿ ದೀಪ ತೆಗೆದುಕೊಳ್ಳಬೇಕು. ಮೇಲೆ ಬಂದವನು ದೀಪ ಒಪ್ಪಿಸಿ ಬಿಲ್ಲೆ ತೆಗೆದುಕೊಳ್ಳಬೇಕು. ಬಿಲ್ಲೆ ಮೊಳೆಯಲ್ಲಿದ್ದರೆ ಆಳು ನೆಲದ ಕೆಳಗಿದ್ದಾನೆ. ಮೊಳೆ ಖಾಲಿಯಿದ್ದರೆ ಮೇಲಿದ್ದಾನೆ. ಇದರಲ್ಲಿ ಮೂರನೆಯ ಮಾತಿಲ್ಲ.

ಈ ಕಿಂಡಿಯ ಹಿಂದೆ ಕೂರುತ್ತಿದ್ದ ಹೆಂಗಸನ್ನು ಗಣಿಯವರೆಲ್ಲ ದೀಪದಕ್ಕ ಎನ್ನುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಅವಳು ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳುವವರು ಮೊದಮೊದಲು ಬಹಳ ಮಂದಿ ಇದ್ದರು. ಅವಳ ಮುಖ ನೋಡಿ ಒಬ್ಬೊಬ್ಬರೇ ಸುಮ್ಮನಾದರು. ತಮ್ಮನೊಬ್ಬನನ್ನು ಓದಿಸಿ, ಗಣಿಯಲ್ಲೇ ಪಂಪ್ ಫಿಟ್ಟರ್ ಕೆಲಸಕ್ಕೆ ಹಚ್ಚಿ, ಗಣಿಯ ಪ್ರಥಮ ಚಿಕಿತ್ಸೆ ಕೋಣೆಯ ನರ್ಸ್ ಜೊತೆಗೇ ಮದುವೆ ಮಾಡಿಸಿದ್ದಳು. ಅಲ್ಲಿಗೆ ತನ್ನ ಜವಾಬ್ದಾರಿ ಮುಗಿಯಿತು ಎಂದು ಬಾಯಲ್ಲಿ ಹೇಳುತ್ತಿದ್ದಳು. ಅದನ್ನು ಅವಳೂ ನಂಬಿರಲಿಲ್ಲ, ಬೇರೆ ಯಾರೂ ನಂಬಿರಲಿಲ್ಲ.

ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಅವಳ ಮನೆಯ ಊಟದ ಮೇಜಿನ ಮೇಲೆ ಆಟ ನಡೆಯುತ್ತಿತ್ತು. ವರ್ಗವಾಗಿ ಹೋದ ಇಂಜಿನಿಯರೊಬ್ಬ ತನ್ನ ಕ್ವಾರ್ಟರ್ಸಿನಲ್ಲಿ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಅದು ಸಿಕ್ಕಿತ್ತು: ದಪ್ಪ ಪುಸ್ತಕ, ಹತ್ತಾರು ಮುಖದ ದಾಳಗಳು. ಒಬ್ಬರು ಕಥೆ ನಡೆಸಬೇಕು. ಇಲ್ಲಿ ಗುಹೆಯಿದೆ, ಅಲ್ಲಿ ಬಾಗಿಲಿದೆ, ಬಾಗಿಲ ಹಿಂದೆ ಏನೋ ಉಸಿರಾಡುತ್ತಿದೆ ಎಂದು ಹೇಳಬೇಕು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕುಬ್ಜ. ಏನು ಮಾಡುತ್ತೀರಿ ಎಂದರೆ ಅವರು ಹೇಳಬೇಕು. ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ದೀಪದಕ್ಕ ಪುಸ್ತಕವನ್ನು ಮೊದಲಿಂದ ಕೊನೆವರೆಗೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ್ದಳು. ಎಲ್ಲವೂ ಒಪ್ಪಿಗೆಯಾಯಿತು, ಒಂದು ಪುಟ ಬಿಟ್ಟು. ಕುಬ್ಜರಿಗೂ ಇನ್ನು ಕೆಲವು ಜಾತಿಯವರಿಗೂ ಕತ್ತಲಲ್ಲಿ ಕಣ್ಣು ಕಾಣುತ್ತದೆ ಎಂದು ಆ ಪುಟದಲ್ಲಿತ್ತು. ದೀಪ ಬೇಡ, ಎಣ್ಣೆ ಬೇಡ, ಸುಮ್ಮನೆ ಕಾಣುತ್ತದೆ.

"ಇದನ್ನ ಬರೆದವನು ಒಂದಿನಾನೂ ಕತ್ತಲೆ ನೋಡಿಲ್ಲ," ಎಂದಿದ್ದಳು.

ಅವಳ ಮನೆಯಲ್ಲಿ ಬೇರೆ ಕಾನೂನು. ಕುಬ್ಜನಾದರೂ ಅಷ್ಟೆ, ದೇವಲೋಕದವನಾದರೂ ಅಷ್ಟೆ, ದೀಪವಿಲ್ಲದೆ ಯಾರಿಗೂ ಕಾಣದು. ಕುಬ್ಜನಿಗೆ ಹತ್ತಿರದ ಆಕಾರ ಮಸುಕಾಗಿ ತಿಳಿದೀತು, ಆದರೆ ಕಲ್ಲೋ ಮನುಷ್ಯನೋ, ನೆಲವೋ ನೀರೋ ತಿಳಿಯದು. ಪ್ರತಿಯೊಬ್ಬನೂ ಆಟಕ್ಕೆ ಮೊದಲು ದೀಪ ಕೇಳಿ ಪಡೆದು, ತನ್ನ ಬಿಲ್ಲೆಯನ್ನು ಮೇಜಿನ ಪಕ್ಕದ ಪುಟ್ಟ ಹಲಗೆಗೆ ಸಿಕ್ಕಿಸಬೇಕು. ದೀಪ ಆರಿದರೆ ಬಿಲ್ಲೆಯ ಕೆಂಪು ಮುಖ ತಿರುಗಿಸುವುದು. ಆಗ ಆ ಆಟಗಾರ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂರಬೇಕು. ನಕ್ಷೆ ನೋಡುವಂತಿಲ್ಲ, ಮಾತಾಡುವಂತಿಲ್ಲ. ಕತ್ತಲಲ್ಲಿರುವವನು ಅಲುಗಾಡದೆ ಕಿವಿಗೊಟ್ಟು ಕಾಯಬೇಕು. ಬೆಳಕಿದ್ದವರು ಮೊದಲು ಮೇಜು ಬಡಿಯಬೇಕು: ಎರಡು ಬಡಿತ, ಸ್ವಲ್ಪ ತಡೆದು ಒಂದು. ಕತ್ತಲಲ್ಲಿರುವವನು ಅದನ್ನೇ ತಿರುಗಿ ಬಡಿದರೆ 'ಬದುಕಿದ್ದೇನೆ, ದೀಪವಿಲ್ಲ' ಎಂದು ಅರ್ಥ. ಕೇಳದೆ ಬಡಿದರೆ ತಪ್ಪು, ಏಕೆಂದರೆ ಗುಹೆಯಲ್ಲಿ ಕೇಳಿಸಿಕೊಳ್ಳುವವರು ಗೆಳೆಯರೇ ಆಗಿರಬೇಕೆಂದಿಲ್ಲ.

ಆ ಬಿಲ್ಲೆಗಳು ಗಣಿಯವೇ. ಹಿಂದೆ ನಂಬರು ಬದಲಾಯಿಸಿದಾಗ ಹಳೆಯ ಬಿಲ್ಲೆಗಳನ್ನು ಗುಜರಿಗೆ ಹಾಕಿದ್ದರು, ಅವಳು ಸ್ಟೋರಿನವರನ್ನು ಕೇಳಿ ನಾಲ್ಕಾರನ್ನು ಮನೆಗೆ ತಂದಿದ್ದಳು. ರದ್ದಾದ ಬಿಲ್ಲೆಯ ಮೇಲೆ ಅಡ್ಡಗೆರೆ ಕೊರೆಯಬೇಕು ಎನ್ನುವುದು ಗಣಿಯ ನಿಯಮ. ಉಳಿದವರಿಗೆಲ್ಲ ಆ ನಿಯಮವನ್ನು ಕಲಿಸಿದವಳೂ ಅವಳೇ. ಆದರೆ ಉಜ್ಜಿ ಹೊಳಪಿಸಿದ ಹಿತ್ತಾಳೆಯ ಮೇಲೆ ಗೆರೆ ಎಳೆಯಲು ಅವಳಿಗೆ ಮನಸ್ಸು ಬರಲಿಲ್ಲ. ಬದಲಿಗೆ ಹಿಂಬದಿಗೆ ತಮ್ಮನ ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಳಿದಿದ್ದಳು.

ಆ ಭಾನುವಾರ ಮೇಜಿಗೆ ಮೂವರು ಬಂದಿದ್ದರು: ತಮ್ಮ, ಅವನ ಹೆಂಡತಿ, ಗಣಿಯ ಸರ್ವೇಯರ್. ಆರಡಿ ಎತ್ತರದ ತಮ್ಮ ಕುಬ್ಜನ ಪಾತ್ರ ಹಾಕುತ್ತಿದ್ದ. ಬಾಗಿಲಿಗೆ ತಲೆ ಬಡಿಯದ ಜೀವನ ಹೇಗಿರುತ್ತದೆ ಎಂದು ನೋಡುವ ಆಸೆಯಂತೆ. ಸರ್ವೇಯರ್ ಪುಸ್ತಕದ ಮನುಷ್ಯ, ಪುಟದ ಸಂಖ್ಯೆಯನ್ನೂ ಹೇಳಿಬಿಡುತ್ತಿದ್ದ.

"ಅಕ್ಕ, ಇದೇನಿದು? ಇಪ್ಪತ್ತೇಳು ಈಗ ನನ್ನ ನಂಬರು. ಕುಬ್ಜನಿಗೆ ಕೊಟ್ಟಿದ್ದೀರಿ!" ಎಂದ ಸರ್ವೇಯರ್, ಹಲಗೆ ನೋಡುತ್ತಾ.

"ಅದು ಹಳೇ ನಂಬರು. ನೀವು ಬರೋಕೆ ಮುಂಚೆ ಇಪ್ಪತ್ತೇಳು ಇನ್ಯಾರದ್ದೋ ಆಗಿತ್ತು. ಕೂತ್ಕೊಳಿ."

ತಮ್ಮ ನಕ್ಕ. "ನಾನು ಸತ್ತರೆ ನಿಮ್ಮ ಹೆಸರಲ್ಲಿ ಸಾಯ್ತೀನಿ ಬಿಡಿ, ಸರ್ವೇಯರ್ರೇ. ಸಂಬಳಾನೂ ನನಗೆ ಕೊಟ್ಬಿಡಿ."

"ಬಿಡ್ತು ಅನ್ನಿ," ಎಂದಳು ಅವನ ಹೆಂಡತಿ.

ಆಟ ಶುರುವಾಯಿತು. ಮುಂದೆ ಸುರಂಗ ಇಳಿಜಾರಾಗಿದೆ ಎಂದಳು ದೀಪದಕ್ಕ. ಕುಬ್ಜ ಮುಂದೆ ಹೊರಟ.

"ದೀಪ ಹಚ್ಚಿದ್ದೀಯಾ?"

"ಕುಬ್ಜನಿಗೆ ದೀಪ ಯಾಕಕ್ಕಾ? ಎಣ್ಣೆ ಉಳಿಸ್ತಾ ಇದ್ದೀನಿ."

"ಇನ್ನೊಂದ್ಸಲ ಕೇಳ್ತೀನಿ. ದೀಪ ಹಚ್ಚಿದ್ದೀಯಾ, ಇಲ್ವಾ?"

"ಇಲ್ಲ. ಮುಂದಕ್ಕೆ ನಡೀತೀನಿ."

"ನೆಲ ಅಂದ್ಕೊಂಡು ಇಟ್ಟ ಕಾಲು ನೀರಲ್ಲಿ ಹೋಯ್ತು. ಎದೆವರೆಗೆ ಇಳಿದೆ. ಸೊಂಟದಲ್ಲಿದ್ದ ದೀಪ ಒದ್ದೆ, ಇನ್ನು ಹತ್ತಲ್ಲ." ಅವಳು ಬಿಲ್ಲೆಯ ಕೆಂಪು ಮುಖ ತಿರುಗಿಸಿದಳು. "ಕುರ್ಚಿ ತಿರುಗಿಸು."

"ಪುಸ್ತಕದ ಪ್ರಕಾರ ಇವನಿಗೆ ಕತ್ತಲಲ್ಲೂ ಅರವತ್ತು ಅಡಿ..." ಎಂದು ಸರ್ವೇಯರ್ ಬಾಯಿ ತೆರೆದ.

"ಪುಸ್ತಕ ಅದರ ಮನೇಲಿ. ಇದು ನನ್ನ ಮನೆ."

ತಮ್ಮ ಕುರ್ಚಿ ತಿರುಗಿಸಿದ, ಆದರೆ ಅರ್ಧ ಮನಸ್ಸಿನಿಂದ. ಉಳಿದಿಬ್ಬರು ದಾರಿ ಹುಡುಕುತ್ತಾ ಹೋದರು. ತಪ್ಪು ತಿರುವು ಹಿಡಿದರು. ಅವನು ಸುಣ್ಣ ಬಳಿದ ಗೋಡೆ ನೋಡುತ್ತಾ ಕುಳಿತ. ಬಹಳ ಹೊತ್ತಾದ ಮೇಲೆ ಹೆಂಡತಿ ಮೇಜು ಬಡಿದಳು: ಎರಡು, ತಡೆದು ಒಂದು. ಅವನು ಉತ್ತರವಾಗಿ ಎರಡು, ಒಂದು ಬಡಿದು, ಅದರ ಬೆನ್ನಿಗೇ ಗೆಣ್ಣಿನಿಂದ ಟಕಟಕ ಟಕಟಕ ಟಕ್ ಎಂದು ತಮಟೆ ಬಾರಿಸಿದಂತೆ ಬಾರಿಸಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಈ ತಾಳಕ್ಕೆ ಗುಹೇಲಿರೋದೆಲ್ಲ ಎದ್ದು ಬಂತು," ಎಂದಳು ದೀಪದಕ್ಕ, ನಗದೆ. "ಹೊತ್ತಾಯ್ತು. ಇವತ್ತಿಗೆ ಸಾಕು. ಬರೋ ವಾರ ಇಲ್ಲಿಂದ ಶುರು."

ತಮ್ಮ ಎದ್ದು ನಿಂತ. ಮುಖ ಕೆಂಪಾಗಿತ್ತು. "ಅಂದ್ರೆ ಬರೋ ವಾರಾನೂ ನಾನು ಗೋಡೆ ನೋಡ್ಕೊಂಡು ಕೂರ್ಬೇಕಾ? ವಾರವೆಲ್ಲ ಕೆಳಗೆ ಕತ್ತಲಲ್ಲಿ ಸಾಯ್ತೀನಿ. ಇಲ್ಲಾದ್ರೂ ಕಣ್ಣು ಕಾಣೋ ಮನುಷ್ಯ ಆಗಿರೋಣ ಅಂದ್ರೆ ಅದಕ್ಕೂ ನಿನ್ನ ಅಪ್ಪಣೆ ಬೇಕಾ? ನಿಂಗೆ ಎಲ್ಲಾ ಕಡೇನೂ ಕಿಂಡಿ ಹಿಂದೆ ಕೂತು ದೀಪ ಹಂಚಬೇಕು, ಅಷ್ಟೇ!"

"ಕೂಗಾಡ್ಬೇಡ. ಕಾನೂನು ಎಲ್ಲರಿಗೂ ಒಂದೇ."

"ಹಾಗಿದ್ರೆ ನನ್ನ ದೀಪ ನಾನೇ ಇಟ್ಕೋತೀನಿ." ಹಲಗೆಯಿಂದ ಬಿಲ್ಲೆಯನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದ. ಹೋಗುವಾಗ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಯಿತು. ಯಾರೂ ನಗಲಿಲ್ಲ.

"ನಾಳೆ ಹೊತ್ತಿಗೆ ಸರಿಹೋಗ್ತಾರೆ, ಅತ್ತಿಗೆ," ಎಂದಳು ಅವನ ಹೆಂಡತಿ.

"ಸರಿಹೋಗದಿದ್ರೆ ನಮ್ಮ ಗಂಟೇನೂ ಹೋಗಲ್ಲ. ದಾಳ ಎತ್ತಿಡು."

ಸೋಮವಾರ ಬೆಳಗಿನ ಪಾಳಿ ಇಳಿದುಹೋದ ಮೇಲೆ ಲ್ಯಾಂಪ್ ರೂಮಿನಲ್ಲಿ ದೀಪದಕ್ಕ ತಮ್ಮನ ದೀಪವನ್ನೇ ಬಿಚ್ಚಿಕೊಂಡು ಕೂತಿದ್ದಳು. ಅದರ ತಂತಿ ಬುಡದಲ್ಲಿ ಸೀಳಿತ್ತು. ಅವನಿಗೆ ಇವತ್ತು ಮೇಲಿನ ವರ್ಕ್‌ಶಾಪಿನಲ್ಲಿ ಕೆಲಸ, ಇಳಿಯುವ ದಿನವಲ್ಲ. ಸಂಜೆಯೊಳಗೆ ಸರಿಮಾಡಿ ಇಟ್ಟರಾಯಿತು ಎಂದುಕೊಂಡಿದ್ದಳು. ಪಕ್ಕದ ಕಂಪ್ರೆಸರ್ ಎಂದಿನಂತೆ ಕಿವಿ ಹರಿಯುವ ಹಾಗೆ ಒದರುತ್ತಿತ್ತು.

ಆ ಕಿಂಡಿ ಎದೆಮಟ್ಟದಲ್ಲಿತ್ತು, ಅಂಗೈ ಅಗಲವಷ್ಟೆ. ಒಳಗೆ ಕೂತವಳಿಗೆ ಹೊರಗಿನವರ ಕೈ ಮಾತ್ರ ಕಾಣುತ್ತಿತ್ತು. ಕೈಗವಸು ತೊಟ್ಟ ಕೈಯೊಂದು ಬಿಲ್ಲೆ ತಳ್ಳಿತು. ಮಾತಿಲ್ಲ. ಬಿಲ್ಲೆಯ ಮೇಲೆ ಇಪ್ಪತ್ತೇಳು. ಸರ್ವೇಯರ್ ಎಂದುಕೊಂಡಳು. ಸರ್ವೇಯರ್ ದಿನಾ ಇಳಿಯುವವನಲ್ಲ, ಅವನಿಗೆ ಸ್ವಂತ ದೀಪವಿಲ್ಲ. ಯಾವಾಗಲೂ ಸ್ಪೇರ್ ದೀಪವೇ. ಒಂದನ್ನು ತೆಗೆದು ಕಿಂಡಿಯಾಚೆ ಕೊಟ್ಟು, ಬಿಲ್ಲೆಯನ್ನು ಇಪ್ಪತ್ತೇಳರ ಮೊಳೆಗೆ ಹಾಕಿ, ಮತ್ತೆ ಸೀಳಿದ ತಂತಿಗೆ ಬಗ್ಗಿದಳು. ಬೇರೆ ದಿನವಾಗಿದ್ದರೆ ತಮ್ಮನ ಕೈ ಕಿಂಡಿಗೆ ಬರುವ ಮೊದಲೇ "ಅಕ್ಕಾ, ಬೇಗ ಕೊಡು" ಎಂಬ ಕೂಗು ಕಂಪ್ರೆಸರನ್ನೂ ಮೀರಿಸಿ ಬರುತ್ತಿತ್ತು.

ಊಟದ ಹೊತ್ತಿಗೆ ಮುಂಚೆ ಕಂಪ್ರೆಸರ್ ನಿಂತಿತು.

ಗಣಿಯಲ್ಲಿ ಕೆಲಸ ಮಾಡುವವರಿಗೆ ಸದ್ದಿಗಿಂತ ಸದ್ದು ನಿಲ್ಲುವುದೇ ಹೆಚ್ಚು ಹೆದರಿಕೆ. ದೀಪದಕ್ಕ ತಲೆ ಎತ್ತುವಷ್ಟರಲ್ಲಿ ಸೈರನ್ ಕೂಗಿತು. ತಳದ ಹಂತಕ್ಕೆ ಹಳೆಯ ಸುರಂಗದಿಂದ ನೀರು ನುಗ್ಗಿದೆ, ಕರೆಂಟು ಹೋಗಿದೆ, ಎಲ್ಲರನ್ನೂ ಮೇಲೆ ಕರೆಯುತ್ತಿದ್ದಾರೆ ಎಂದು ಅಂಗಳದಲ್ಲಿ ಓಡುತ್ತಿದ್ದವರು ಹೇಳಿದರು. ಜನರೇಟರ್ ಹಾಕಿದರು, ಆಳುಗಳನ್ನು ಹೊತ್ತ ಲಿಫ್ಟಿನಂಥ ಕೇಜು ಏರತೊಡಗಿತು.

ಜನ ಬಂದರು. ಕೆಸರು ಮೆತ್ತಿದ ಕೈಗಳು ಕಿಂಡಿಯಲ್ಲಿ ಒಂದರ ಮೇಲೊಂದು ಬಿದ್ದವು. ಅವಳು ದೀಪ ತೆಗೆದುಕೊಂಡಳು, ಬಿಲ್ಲೆ ಕೊಟ್ಟಳು. ಯಾರೋ "ದೀಪ ಆಮೇಲೆ ಕೊಡ್ತೀನಕ್ಕಾ, ಮನೇಗೆ ಫೋನ್ ಮಾಡ್ಬೇಕು" ಎಂದು ಹೊರಟ. "ದೀಪ ಕೊಟ್ಟು ಹೋಗು. ಇಲ್ಲಾಂದ್ರೆ ನೀನಿನ್ನೂ ಕೆಳಗಿದ್ದೀಯ ಅಂತ ನಿನ್ನ ಹುಡುಕೋಕೆ ಇನ್ನೊಬ್ಬ ಇಳೀತಾನೆ," ಎಂದಳು. ಅವನು ತಿರುಗಿ ಬಂದ. ಹಲಗೆ ಖಾಲಿಯಾಗುತ್ತಾ ಬಂತು. ಕೊನೆಯ ಕೇಜು ಬಂದಾಗ ಅದರ ಮೇಲೆ ಒಂದೇ ಬಿಲ್ಲೆ ಉಳಿಯಿತು.

ಮ್ಯಾನೇಜರ್ ನಕ್ಷೆಯ ಸುರುಳಿ ಹಿಡಿದು ಒಳಬಂದ. ಅವನು ಗಾಬರಿಯಲ್ಲೂ ನಿಧಾನವಾಗಿ ಮಾತಾಡುವ ಮನುಷ್ಯ. ಆ ಗುಣಕ್ಕೆ ದೀಪದಕ್ಕ ಅವನನ್ನು ಗೌರವಿಸುತ್ತಿದ್ದಳು.

"ಎಷ್ಟು ಜನ ಇದ್ದಾರೆ ಇನ್ನೂ?"

"ಒಬ್ಬರೇ ಸಾರ್. ಇಪ್ಪತ್ತೇಳು. ಸರ್ವೇಯರ್."

"ಅವರು ಇವತ್ತು ಹೆಡ್ ಆಫೀಸಿಗೆ ಹೋಗ್ಬೇಕಿತ್ತಲ್ಲ?"

"ಬಿಲ್ಲೆ ಇದೆ ಸಾರ್. ಸ್ಪೇರ್ ದೀಪ ನಾನೇ ಕೊಟ್ಟೆ."

ಅವಳು ಹೇಳಿದ ಮೇಲೆ ಇನ್ನು ಮಾತಿರಲಿಲ್ಲ. ಆ ಗಣಿಯಲ್ಲಿ ದೀಪದಕ್ಕನ ಹಲಗೆಯನ್ನು ಅನುಮಾನಿಸಿದವರು ಯಾರೂ ಇರಲಿಲ್ಲ. ಮ್ಯಾನೇಜರ್ ಸರ್ವೇಯರಿಗೆ ಫೋನ್ ಮಾಡಿಸಿದ, ಸ್ವಿಚ್ ಆಫ್ ಬಂತು. ನೆಲದ ಕೆಳಗೆ ಫೋನ್ ಹತ್ತುವುದಿಲ್ಲ, ಹಾಗಾಗಿ ಅದೂ ಹಲಗೆಯ ಮಾತಿಗೇ ಸಾಕ್ಷಿಯಾಯಿತು. ನಕ್ಷೆ ಬಿಚ್ಚಿದ. ಸರ್ವೇಯರ್ ಈ ವಾರ ಅಳೆಯಬೇಕಿದ್ದದ್ದು ಪೂರ್ವದ ಕಡೆಯ ಮೇಲಿನ ಸುರಂಗ, ಎಲ್ಲಕ್ಕಿಂತ ದೂರದ್ದು. ರಕ್ಷಣೆಯ ತಂಡ ಉಸಿರಿನ ಸಿಲಿಂಡರ್ ಬೆನ್ನಿಗೇರಿಸುತ್ತಿತ್ತು. ಇದ್ದದ್ದು ಒಂದೇ ತಂಡ. ಪೂರ್ವಕ್ಕೆ ಹೋಗಿ ಬಂದರೆ ಸಿಲಿಂಡರ್ ಖಾಲಿ.

ತಮ್ಮನ ಹೆಂಡತಿ ಸ್ಟ್ರೆಚರಿನ ಜೊತೆ ಬಾಗಿಲಲ್ಲಿ ನಿಂತಿದ್ದಳು. ಏಪ್ರನ್ನಿಗೆ ಮತ್ತೆ ಮತ್ತೆ ಕೈ ಒರೆಸಿಕೊಳ್ಳುತ್ತಿದ್ದಳು.

"ಅತ್ತಿಗೆ, ಇವರು ಎಲ್ಲಿ? ವರ್ಕ್‌ಶಾಪಲ್ಲಿ ಇಲ್ಲ. ಊಟಕ್ಕೆ ಹೋದರೇನೋ ಅಂತಾರೆ ಅಲ್ಲಿಯವರು. ಮನೇಗೆ ಫೋನ್ ಮಾಡಿದ್ರೆ ಯಾರೂ ತಗೋತಿಲ್ಲ."

ದೀಪದಕ್ಕ ಹಲಗೆಯ ಕಡೆ ಬೆರಳು ತೋರಿಸಿದಳು. "ಅವನ ಮೊಳೆ ಖಾಲಿ ಇದೆ. ಮೇಲೇ ಇದ್ದಾನೆ. ನಿನ್ನೆ ಸಿಟ್ಟು ಇನ್ನೂ ಇಳಿದಿಲ್ಲ, ಎಲ್ಲೋ ಮುಖ ಊದಿಸ್ಕೊಂಡು ಕೂತಿರ್ತಾನೆ. ಸುಮ್ಮನಿರು."

"ಖಂಡಿತ ಅಲ್ವಾ?"

"ಖಂಡಿತ."

"ಅಮ್ಮಾ, ಆ ಬಿಲ್ಲೆ ಕೊಡಿ," ಎಂದ ಮ್ಯಾನೇಜರ್. ಯಾರನ್ನು ಹುಡುಕಲು ಹೋಗುತ್ತಾರೋ ಅವನ ಬಿಲ್ಲೆಯನ್ನು ತಂಡದ ಮುಖಂಡನ ಕೈಗೆ ಕೊಟ್ಟು ಕಳಿಸುವುದು ಅಲ್ಲಿನ ಪದ್ಧತಿ.

ಅವಳು ಇಪ್ಪತ್ತೇಳನ್ನು ಮೊಳೆಯಿಂದ ತೆಗೆದಳು. ಹೆಬ್ಬೆರಳು ಬಿಲ್ಲೆಯ ಹಿಂಬದಿಗೆ ತಾಗಿತು. ದಿನವಿಡೀ ಹಿತ್ತಾಳೆ ಮುಟ್ಟುವ ಬೆರಳು ಅದು. ಆ ಹಿಂಬದಿ ಹಿತ್ತಾಳೆಯಂತೆ ತಣ್ಣಗಿರಲಿಲ್ಲ. ನುಣುಪಾಗಿ, ಅಂಚಿನಲ್ಲಿ ಚಕ್ಕೆ ಎದ್ದಂತೆ ಇತ್ತು. ಅವಳು ಬಿಲ್ಲೆ ತಿರುಗಿಸಿ ನೋಡಿದಳು.

ಕೆಂಪು.

ಕೈಗವಸು ತೊಟ್ಟ ಆ ಕೈ ಕಣ್ಣ ಮುಂದೆ ಬಂತು. ಮಾತಿಲ್ಲದ ಕೈ. ಸರ್ವೇಯರ್ ಆಗಿದ್ದರೆ ನಮಸ್ಕಾರ ಅಕ್ಕ ಎನ್ನದೆ ಇರುತ್ತಿರಲಿಲ್ಲ. ಮಾತಾಡದೆ ಬಿಲ್ಲೆ ತಳ್ಳುವಷ್ಟು ಕೋಪ ಆ ಗಣಿಯಲ್ಲಿ ಅವಳ ಮೇಲೆ ಒಬ್ಬನಿಗೆ ಮಾತ್ರ ಇತ್ತು. ಅವನು ಇಳಿದಿದ್ದಾನೆ; ಇಳಿದರೆ ಪಂಪಿನ ಕೋಣೆಗೇ ಇಳಿದಿದ್ದಾನೆ; ಪಂಪಿನ ಕೋಣೆ ಇರುವುದು ಪಶ್ಚಿಮದಲ್ಲಿ, ತಳದ ಹಂತದಲ್ಲಿ, ನೀರು ನುಗ್ಗಿದ ಕಡೆ.

ಮ್ಯಾನೇಜರ್ ಕೈ ಚಾಚಿಕೊಂಡೇ ಇದ್ದ. ತಮ್ಮನ ಹೆಂಡತಿ, ಖಂಡಿತ ಎಂಬ ಮಾತನ್ನು ನಂಬಿ, ಆಗಷ್ಟೇ ಬಾಗಿಲಿಗೆ ಒರಗಿ ಉಸಿರು ಬಿಟ್ಟಿದ್ದಳು.

"ಸಾರ್, ತಂಡ ನಿಲ್ಲಿಸಿ," ಎಂದಳು ದೀಪದಕ್ಕ. "ಹಲಗೆ ತಪ್ಪಿದೆ. ಇದು ಗಣಿಯ ಬಿಲ್ಲೆ ಅಲ್ಲ, ನನ್ನ ಮನೆದು. ರದ್ದಾದ ಹಳೇದನ್ನ ಆಟಕ್ಕೆ ಅಂತ ಇಟ್ಕೊಂಡಿದ್ದೆ. ಗೆರೆ ಕೊರೀಬೇಕಿತ್ತು, ಕೊರೀಲಿಲ್ಲ. ನಿನ್ನೆ ನನ್ನ ತಮ್ಮ ಇದನ್ನ ಜೇಬಿಗೆ ಹಾಕ್ಕೊಂಡು ಹೋದ. ಕೆಳಗಿರೋದು ಸರ್ವೇಯರ್ ಅಲ್ಲ. ಅವನು."

ತಮ್ಮನ ಹೆಂಡತಿ ಒರಗಿದ್ದ ಬಾಗಿಲಿನಿಂದ ನೆಟ್ಟಗಾದಳು. ಸ್ಟ್ರೆಚರಿನ ಹಿಡಿ ಬಿಗಿಯಾಗಿ ಹಿಡಿದಳು.

ಮ್ಯಾನೇಜರ್ ಬಿಲ್ಲೆಯ ಎರಡೂ ಮುಖ ನೋಡಿದ. "ಆಟಕ್ಕಾ?" ಎಂದ. ಮತ್ತೆ, "ನೀವು ಈಗ ತಾನೇ ಸರ್ವೇಯರ್ ಅಂದ್ರಿ. ಈಗ ತಮ್ಮ ಅಂತೀರಿ. ತಂಡ ಒಂದೇ ಇದೆ ಅಮ್ಮಾ. ನಿಮ್ಮ ತಮ್ಮ ಅಂತ ನಾನು ಪಶ್ಚಿಮಕ್ಕೆ ಕಳಿಸಿ, ಆ ಮನುಷ್ಯ ಪೂರ್ವದಲ್ಲಿ ಸತ್ತರೆ ಯಾರು ಉತ್ತರ ಕೊಡೋರು?"

ಅವನ ಮಾತು ನ್ಯಾಯವಾಗಿತ್ತು. ಅವನ ಜಾಗದಲ್ಲಿ ತಾನಿದ್ದರೂ ಅದನ್ನೇ ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಿದ ಹಲಗೆಯ ಒಡತಿಯ ಮಾತಿಗೆ ಇನ್ನು ಏನು ಬೆಲೆ?

ಲ್ಯಾಂಪ್ ರೂಮಿನ ಹಿಂದಿನ ಗೋಡೆಯ ಆಚೆ ಒಂದು ದಪ್ಪ ಉಕ್ಕಿನ ಕೊಳವೆ, ಕೇಜು ಇಳಿಯುವ ಶಾಫ್ಟಿನಿಂದ ಮೇಲೆ ಬಂದು ಕಾಲುವೆಗೆ ಹೋಗುತ್ತಿತ್ತು. ಪಂಪು ಎತ್ತಿದ ನೀರನ್ನು ಹೊರಹಾಕುವ ಕೊಳವೆ ಅದು. ಅದರ ಇನ್ನೊಂದು ತುದಿ ಪಂಪಿನ ಕೋಣೆಯಲ್ಲಿತ್ತು, ಬೇರೆಲ್ಲಿಯೂ ಅಲ್ಲ.

ರಿಪೇರಿ ಮೇಜಿನಿಂದ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಅವಳು ಹೊರಗೋಡಿದಳು. ಕೊಳವೆಗೆ ಕಿವಿ ಹಚ್ಚಿದಳು. ಕಬ್ಬಿಣದ ತಣ್ಣನೆಯ ಮೌನ, ಒಳಗೆಲ್ಲೋ ನೀರು ತೊಟ್ಟಿಕ್ಕುವ ಸದ್ದು.

"ಏನಾದ್ರೂ ಕೇಳ್ತಿದೆಯಾ?" ಎಂದು ಬೆನ್ನ ಹಿಂದೆ ಬಂದ ಮ್ಯಾನೇಜರ್ ಕೇಳಿದ.

"ಇಲ್ಲ."

"ಕೆಳಗಿದ್ರೆ ಬಡೀತಿರ್ಬೇಕಲ್ಲ. ಯಾರಾದ್ರೂ ಬಡೀತಾರೆ."

"ಇವನು ಬಡಿಯಲ್ಲ ಸಾರ್. ಮೊದಲು ಬಡೀಬಾರದು ಅಂತ ಹೇಳಿರೋಳು ನಾನೇ."

ಹೇಳಿದ ಮೇಲೆ ಅವಳಿಗೇ ಅನುಮಾನ ಬಂತು. ಆ ಕಾನೂನನ್ನು ಅವನು ಒಂದು ದಿನವಾದರೂ ನೆಟ್ಟಗೆ ಪಾಲಿಸಿದ್ದನೇ? ನಿನ್ನೆ ತಾನೇ ಅದನ್ನು ಕಾಲಲ್ಲಿ ಒದ್ದು ಹೋಗಿದ್ದ. ಬಡಿಯದೆ ಇರುವುದಕ್ಕೆ ಬೇರೆ ಕಾರಣವೂ ಇರಬಹುದು. ಆ ಕಾರಣವನ್ನು ಅವಳು ಪೂರ್ತಿ ಯೋಚಿಸಲಿಲ್ಲ. ಸ್ಪ್ಯಾನರ್ ಎತ್ತಿದಳು.

ಎರಡು. ತಡೆದು, ಒಂದು.

ಅಂಗಳದಲ್ಲಿ ನೆರೆದವರು ಮಾತು ನಿಲ್ಲಿಸಿದರು. ಮ್ಯಾನೇಜರ್ ಕೈ ಮಾಡಿದ, ಜನರೇಟರನ್ನೂ ನಿಲ್ಲಿಸಿದರು. ಕೊಳವೆಯಲ್ಲಿ ನೀರಿನ ಹನಿ. ಅಷ್ಟೆ.

ಮತ್ತೆ ಎರಡು. ತಡೆದು, ಒಂದು.

ತಮ್ಮನ ಹೆಂಡತಿ ಬಂದು ಎದುರು ಬದಿಯಲ್ಲಿ ಮಂಡಿಯೂರಿ ಕೊಳವೆಗೆ ಕಿವಿಯಿಟ್ಟಳು. ಇಬ್ಬರ ಮುಖವೂ ಒಂದು ಗೇಣು ದೂರ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ತಂಡದ ಮುಖಂಡ ಬೆನ್ನಿನ ಸಿಲಿಂಡರನ್ನು ಸರಿಮಾಡಿಕೊಂಡು ಮ್ಯಾನೇಜರನ ಕಡೆ ನೋಡಿದ. ಇನ್ನೆಷ್ಟು ಹೊತ್ತು ಎಂಬ ನೋಟ. ಮ್ಯಾನೇಜರ್ ಬಾಯಿ ತೆರೆದ.

"ಇನ್ನೊಂದೇ ಸಲ," ಎಂದಳು ದೀಪದಕ್ಕ. ಅವಳು ಯಾರ ಬಳಿಯೂ ಹೀಗೆ ಬೇಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಈ ಸಲ ಭುಜದ ಬಲವನ್ನೆಲ್ಲ ಹಾಕಿ ಬಡಿದಳು. ಎರಡು. ಒಂದು. ಕೊಳವೆಯ ಬಣ್ಣ ಚಕ್ಕೆಯೆದ್ದು ಹಾರಿತು.

ನೀರಿನ ಹನಿ. ಮತ್ತೊಂದು ಹನಿ. ಆಮೇಲೆ, ಬಹಳ ಕೆಳಗಿನಿಂದ, ಯಾರೋ ಕನಸಿನಲ್ಲಿ ಬಾಗಿಲು ತಟ್ಟಿದಂತೆ: ಎರಡು.

ಹೆಂಡತಿಯ ಕಣ್ಣು ಅಗಲವಾಯಿತು.

ಒಂದು.

"ಸಡಿಲ ಕೊಳವೆ ನೀರಿಗೆ ಬಡಿದುಕೊಂಡರೂ ಹೀಗೇ..." ಎಂದು ಯಾರೋ ಹಿಂದಿನಿಂದ ಶುರುಮಾಡಿದರು.

ಆಗ ಕೊಳವೆ ಟಕಟಕ ಟಕಟಕ ಟಕ್ ಎಂದಿತು. ಬೇಕೆಂದೇ, ಉದ್ಧಟವಾಗಿ, ತಮಟೆಯ ತಾಳದಲ್ಲಿ.

ತಮ್ಮನ ಹೆಂಡತಿ ಅಳುತ್ತಲೇ ನಕ್ಕುಬಿಟ್ಟಳು. "ಅವರೇ! ಅವರೇ ಸಾರ್! ಈ ತಾಳ ಅವರದ್ದೇ!"

ಮ್ಯಾನೇಜರ್ ಕೊಳವೆಗೆ ಕೈಯಿಟ್ಟ. ಅಂಗೈಯಲ್ಲಿ ಆ ನಡುಕ ಅವನಿಗೂ ತಿಳಿಯಿತು. ತಿರುಗಿ ಒಂದೇ ಮಾತು ಹೇಳಿದ: "ಪಶ್ಚಿಮ. ಪಂಪ್ ಕೋಣೆ." ಜನರೇಟರ್ ಮತ್ತೆ ಹಾಕಿದರು, ತಂಡ ಕೇಜಿಗೆ ಓಡಿತು.

ಕೇಜು ಇಳಿದು ಮರಳುವವರೆಗೆ ದೀಪದಕ್ಕ ಕೊಳವೆ ಬಿಟ್ಟು ಏಳಲಿಲ್ಲ. ಆಗಾಗ ಬಡಿದಳು. ಆಗಾಗ ಉತ್ತರ ಬಂತು. ಒಮ್ಮೆ ಉತ್ತರ ಬಹಳ ತಡವಾಯಿತು. ತಮ್ಮನ ಹೆಂಡತಿ ಅವಳ ಮುಂಗೈಯನ್ನು ಉಗುರು ಊರುವಂತೆ ಹಿಡಿದಳು. "ಕೈ ಬಿಡು, ಬಡೀಬೇಕು," ಎಂದಳು ದೀಪದಕ್ಕ. ಆಮೇಲೆ ಉತ್ತರ ಬಂತು, ತಾಳವಿಲ್ಲದೆ, ಬರೀ ಎರಡು ಮತ್ತು ಒಂದು. ಆ ನಡುವೆ ಸರ್ವೇಯರ್ ಹೆಡ್ ಆಫೀಸಿನಿಂದ ಏದುಸಿರು ಬಿಡುತ್ತಾ ಬಂದ. ಮೀಟಿಂಗಿಗೆ ಫೋನ್ ಆಫ್ ಮಾಡಿದ್ದನಂತೆ. ತಾನು ಕೆಳಗೆ ಸಿಕ್ಕಿಬಿದ್ದ ಸುದ್ದಿ ಗೇಟಿನಲ್ಲಿ ಅವನಿಗೇ ಸಿಕ್ಕಿತಂತೆ. ಅವನನ್ನು ನೋಡಿ ಕೆಲವರು ಒಂದು ಹೆಜ್ಜೆ ಹಿಂದೆ ಸರಿದರು.

ತಮ್ಮ ಮೇಲೆ ಬಂದಾಗ ಎದೆವರೆಗೆ ಒದ್ದೆ. ತುಟಿ ನೀಲಿಯಾಗಿತ್ತು. ಸ್ಪೇರ್ ದೀಪ ಹೆಲ್ಮೆಟ್ಟಿನ ಮೇಲೆ ಸತ್ತು ಕೂತಿತ್ತು. ಪಂಪಿನ ಸೋರಿಕೆ ನೆನಪಾಗಿ, ಯಾರಿಗೂ ಹೇಳದೆ, ಅರ್ಧ ಗಂಟೆಯ ಕೆಲಸವೆಂದು ಇಳಿದಿದ್ದ. ನೀರು ಬಂದಾಗ ಕರೆಂಟು ಹೋಯಿತು. ಓಡುವಾಗ ಬಿದ್ದು ದೀಪ ಒಡೆಯಿತು. ಆಮೇಲೆ ಏನು ಮಾಡಿದೆ ಎಂದು ತಂಡದವರು ಕೇಳಿದ್ದಕ್ಕೆ, ಪಂಪಿನ ಅಡಿಪಾಯದ ಕಟ್ಟೆ ತಡಕಿ ಹತ್ತಿ, ಬೆನ್ನು ಗೋಡೆಗೆ ಹಚ್ಚಿ, ಅಲುಗಾಡದೆ ಕೂತೆ ಎಂದನಂತೆ. ನಡೆದಿದ್ದರೆ ಎರಡು ಹೆಜ್ಜೆಗೆ ನೀರು ಸೇರುವ ಸಂಪಿನ ಗುಂಡಿಯಿತ್ತು. ನೆಲವೂ ನೀರೂ ಒಂದೇ ಕಪ್ಪು.

ಹೆಂಡತಿ ಅವನಿಗೆ ಕಂಬಳಿ ಹೊದಿಸಿ ಸ್ಟ್ರೆಚರಿನ ಕಡೆ ಎಳೆದಳು. ದಾರಿಯಲ್ಲಿ ದೀಪದಕ್ಕ ನಿಂತಿದ್ದಳು, ಕೈ ಚಾಚಿಕೊಂಡು.

"ದೀಪ," ಎಂದಳು.

"ಅತ್ತಿಗೆ, ಈಗ..."

"ದೀಪ ಒಪ್ಪಿಸದೆ ಯಾರೂ ಮೇಲೆ ಬಂದ ಲೆಕ್ಕ ಅಲ್ಲ."

ತಮ್ಮ ದೀಪ ಬಿಚ್ಚಿ ಕೊಟ್ಟ. ಒದ್ದೆ ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದ. ಅವನದ್ದೇ, ಅಸಲಿ. ಎರಡೂ ಒಂದೇ ಜೇಬಿನಲ್ಲಿದ್ದವು, ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ನೋಡದೆ ತಳ್ಳಿದ್ದ. ದೀಪದಕ್ಕ ಒಳಗೆ ಹೋಗಿ ಅದನ್ನು ಅವನ ಮೊಳೆಗೆ ಹಾಕಿದಳು, ನಂಬರು ನೋಡಿದಳು, ಹಿಂಬದಿ ತಿರುಗಿಸಿ ನೋಡಿದಳು, ಮತ್ತೆ ತೆಗೆದು ತಂದು ಅವನ ಅಂಗೈಯಲ್ಲಿಟ್ಟಳು. ಹಲಗೆ ಪೂರ್ತಿ ಖಾಲಿಯಾಯಿತು.

ಮ್ಯಾನೇಜರ್ ಅದು ಮುಗಿಯುವವರೆಗೆ ಕಾದಿದ್ದ. "ವಿಚಾರಣೆ ಆಗೋವರೆಗೆ ನೀವು ಈ ಕಿಂಡೀಲಿ ಕೂರೋ ಹಾಗಿಲ್ಲ, ಅಮ್ಮಾ."

"ಸರಿ ಸಾರ್. ಕೂರಿಸಿದ್ರೆ ನಾನೇ ಬೇಡ ಅಂತಿದ್ದೆ." ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಕೊಟ್ಟಳು. "ಮೂರನೇ ಕಪಾಟಿನ ಚಾರ್ಜರ್ ಸ್ವಲ್ಪ ಸಡಿಲ ಇದೆ. ಹೊಸಬರಿಗೆ ಹೇಳಿ."

ತಮ್ಮ ಸ್ಟ್ರೆಚರಿನ ಮೇಲೆ ಮಲಗಿದ್ದ. ಆರಡಿ ದೇಹಕ್ಕೆ ಅದು ಸಾಲದೆ ಕಾಲು ಹೊರಗೆ ಚಾಚಿತ್ತು. ಅಕ್ಕ ಹತ್ತಿರ ಬಂದಾಗ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ:

"ಕುಬ್ಜನಿಗೂ ಏನೂ ಕಾಣಲ್ಲ ಬಿಡು. ಆಕಾರಾನೂ ಕಾಣಲ್ಲ. ಆ ಕಾನೂನಲ್ಲಿ ಅದೊಂದು ತಿದ್ದಬೇಕು."

"ಭಾನುವಾರ ಮಾತಾಡೋಣ," ಎಂದಳು ದೀಪದಕ್ಕ, ಕಂಬಳಿ ಎಳೆದು ಅವನ ಕಾಲು ಮುಚ್ಚುತ್ತಾ. "ನಿನ್ನ ಕುಬ್ಜ ಇನ್ನೂ ನೀರಲ್ಲೇ ಇದ್ದಾನೆ."